ಎದುರು ಕಟ್ಟಡದ ಗೆಳತಿ

ಚೊಂಗ್‌ಚಿಂಗ್, ಮಂಗಳವಾರ

ಪ್ರೀತಿಯ ಅಕ್ಕ,

ಇಲ್ಲಿ ನಾನಿದ್ದ ಹಳೇ ಓಣಿ ಕೆಡವಿ ಎಲ್ಲರಿಗೂ ಎತ್ತರದ ಕಟ್ಟಡಗಳಲ್ಲಿ ಮನೆ ಕೊಟ್ಟಿದ್ದಾರೆ. ನನ್ನ ಪಕ್ಕದ ಮನೆಯ ಥಾಂಗ್ ಅಜ್ಜಿಯ ಗೆಳತಿ ಲ್ಯೂ ಅಜ್ಜಿಗೆ ಎದುರಿನ ಕಟ್ಟಡದಲ್ಲಿ ಮನೆ ಸಿಕ್ಕಿತು. ಬೆಳಗಾದರೆ ಬಾಲ್ಕನಿಯಿಂದ ಬಾಲ್ಕನಿಗೆ ಕೂಗಿ ಕೂಗಿ ಹರಟೆ. 'ಇದೇನು ಸಂತೆ ಅಂದ್ಕೊಂಡ್ರಾ?' ಅಂತ ಕಾವಲುಗಾರ ಬಂದು ಗದರಿದ. ಆಮೇಲೆ ಥಾಂಗ್ ಅಜ್ಜಿ ಬಾಲ್ಕನಿಗೇ ಬರಲಿಲ್ಲ, ಊಟವೂ ಸೇರಲಿಲ್ಲ. ಅವರ ಮಗ ಗಾಬರಿಯಾಗಿ ಇಬ್ಬರಿಗೂ ಮೊಬೈಲ್ ತಂದುಕೊಟ್ಟ. ಬಳಸೋದು ನಾನೇ ಕಲಿಸಿದೆ.

ಇವತ್ತು ಬೆಳಿಗ್ಗೆ ನೋಡಿದರೆ ಇಬ್ಬರೂ ಫೋನ್ ಕಿವಿಗಿಟ್ಟುಕೊಂಡು ಬಾಲ್ಕನಿಯಲ್ಲೇ ನಿಂತಿದ್ದಾರೆ!

'ಅಜ್ಜಿ, ಒಳಗೆ ಕೂತೇ ಮಾತಾಡಬಹುದಲ್ಲ?' ಅಂದೆ.

'ಆಗ ಆ ಮುದುಕಿ ನಗೋದು ನಂಗೆ ಹ್ಯಾಗೆ ಕಾಣತ್ತೆ, ಮೇಷ್ಟ್ರೇ?' ಅಂದರು.

ನನ್ನ ಕೆಮ್ಮು ವಾಸಿಯಾಗಿದೆ. ಕ್ಲಾಸಿಗೆ ಹೊತ್ತಾಯಿತು.

ನಿನ್ನ ತಮ್ಮ
ವಾದಿರಾಜ