ಹುಡುಕಿದವರಿಗೆ ಸಿಗುವ ಹೆಸರು

ಅತ್-ಬಾಶಿ
ಅಕ್ಟೋಬರ್ ೧೪, ೨೦೨೩

ಪ್ರೀತಿಯ ಉಪೆಲ್,

ಮಂದಿ, ಮಂದೆ ಎಲ್ಲ ಕ್ಷೇಮವೆ? ನಿನ್ನ ಮೊಣಕಾಲು ಹೇಗಿದೆ? ಕರಕೋಲ್‌ನಲ್ಲಿ ಆಗಲೇ ಹಿಮ ಬಿದ್ದಿದೆಯೆಂದು ರೇಡಿಯೊದಲ್ಲಿ ಕೇಳಿದೆ. ಶಾಲೆಗೆ ನಡೆದು ಹೋಗುವ ಹಟ ಬಿಟ್ಟು ಬಸ್ಸು ಹತ್ತು.

ಜುಲೈನಲ್ಲಿ ಬಂದ ಪತ್ರಕ್ಕೆ ಅಕ್ಟೋಬರ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಿ ನಾಲ್ಕು ಸಾಲು ಒತ್ತಿ ಕಳಿಸಬಹುದಿತ್ತು. ಆದರೆ ನಮ್ಮ ಮನೆಯ ಫೋನು ಊರ ಬಾವಿಯಿದ್ದ ಹಾಗೆ, ಹೋಗುವವರು ಬರುವವರು ಎಲ್ಲರೂ ಬಗ್ಗಿ ನೋಡುತ್ತಾರೆ. ಈಗ ಹೇಳಬೇಕಾದದ್ದು ಅಂಥ ಮಾತಲ್ಲ. ಬ್ಲಾಗಿನ ವಿಷಯವನ್ನು ಶಾಯಿಯಲ್ಲಿ ಬರೆಯುತ್ತಿರುವ ಮೊದಲ ಹೆಂಗಸು ನಾನೇ ಇರಬೇಕು. ನಗು, ಪರವಾಗಿಲ್ಲ.

ಮೊದಲು ನಿನ್ನ ಪಾಠಗಳ ಫಲ ಒಪ್ಪಿಸುತ್ತೇನೆ. ವಸಂತದಲ್ಲಿ ನೀನು ಬರೆದಿದ್ದೆ: "ನಿನ್ನ ಪುಟ ತೆರೆಯೋಷ್ಟರಲ್ಲಿ ನಾನು ಚಹಾ ಕಾಯ್ಸಿ, ಕುಡ್ದು, ಲೋಟ ತೊಳ್ದಿಟ್ಟೆ ಕಣೆ." ನನಗೆ ಸಿಟ್ಟು ಬಂದಿತ್ತು. ಆಮೇಲೆ ಗಡಿಯಾರ ಇಟ್ಟು ನೋಡಿದೆ. ಇಪ್ಪತ್ತಮೂರು ಸೆಕೆಂಡು. ಫೋನಿನಲ್ಲಿ ತೆಗೆದ ಫೋಟೊಗಳನ್ನು ಇದ್ದ ಹಾಗೇ ತುರುಕಿದ್ದೆ, ಒಂದೊಂದೂ ಒಂದೊಂದು ಕುರಿಯಷ್ಟು ಭಾರ. ಮೇಲಿಂದ ಬೀಳುವ ಹಿಮದ ಹೂವುಗಳು, ಪುಟ ತೆರೆದ ಕೂಡಲೇ ತಾನಾಗಿ ನುಡಿಯುವ ಕೊಮುಜ್ ವಾದ್ಯ, ಎಲ್ಲ ನಾನೇ ಪ್ರೀತಿಯಿಂದ ಅಂಟಿಸಿದ್ದು. ಎಲ್ಲವನ್ನೂ ಕಿತ್ತುಹಾಕಿದೆ. ಫೋಟೊಗಳನ್ನು ನೀನು ಹೇಳಿದ ಅಳತೆಗೆ ಕುಗ್ಗಿಸಿದೆ, ನೂರಾ ಎಂಬತ್ತು ಫೋಟೊ, ಹನ್ನೊಂದು ದಿನ. ಈಗ ಮೂರು ಸೆಕೆಂಡಿಗೆ ತೆರೆಯುತ್ತದೆ. ಕೊಮುಜ್ ಹೋದದ್ದಕ್ಕೆ ಮಾತ್ರ ಇವತ್ತಿಗೂ ಬೇಸರವಿದೆ.

"ನನ್ನ ಕೆಲಸ ಹದಿನಾಲ್ಕು", "ನನ್ನ ಕೆಲಸ ಹದಿನೈದು" ಎಂದು ಇಟ್ಟಿದ್ದ ತಲೆಬರಹಗಳನ್ನೂ ಬದಲಿಸಿದೆ. ಹುಡುಕುವವರು ಯಾವ ಮಾತು ಹಾಕಿ ಹುಡುಕುತ್ತಾರೋ ಆ ಮಾತು ತಲೆಬರಹದಲ್ಲಿರಬೇಕು ಎಂದಿದ್ದೆಯಲ್ಲ. "ಎರಡು ಬಣ್ಣದ ಕಂಬಳಿಯನ್ನು ಒಟ್ಟಿಗೆ ಕತ್ತರಿಸಿ ಶಿರ್ದಾಕ್ ಹಾಸು ಹೊಲಿಯುವುದು ಹೇಗೆ" ಎಂದು ಬರೆದೆ. ಜನ ಬಂದರು. ಮೊದಲು ದಿನಕ್ಕೆ ನಾಲ್ವರು ಬರುತ್ತಿದ್ದರು, ಅದರಲ್ಲಿ ಇಬ್ಬರು ನಾನು ಮತ್ತು ನೀನು. ಜೂನ್ ಹೊತ್ತಿಗೆ ನೂರು ದಾಟಿತು.

ಆದರೂ ಆ ಒಂದು ಹುಡುಕಾಟದಲ್ಲಿ ನಾವು ಸೋತೇ ಇದ್ದೆವು. ಹೋದ ವರ್ಷ ತೀರಿಕೊಂಡ ನಮ್ಮತ್ತೆಯ ಹೆಸರು ಹಾಕಿ ಹುಡುಕಿದರೆ ಬರುತ್ತಿದ್ದುದು ಬಿಷ್ಕೆಕ್‌ನ ಆ ವ್ಯಾಪಾರಿಯ ಪುಟ. ಅತ್ತೆಯಿಂದ ಎರಡು ಶಿರ್ದಾಕ್ ಕೊಂಡು, ಅದರ ಚಿತ್ತಾರವನ್ನು ಯಂತ್ರದಲ್ಲಿ ಅಚ್ಚು ಹಾಕಿಸಿ, ಅದಕ್ಕೆ ಅತ್ತೆಯ ಹೆಸರನ್ನೇ ಇಟ್ಟು ಮಾರುತ್ತಾನಲ್ಲ, ಅವನೇ. ಅವನ ಪುಟ ಕಣ್ಣು ಮಿಟುಕಿಸುವುದರಲ್ಲಿ ತೆರೆಯುತ್ತದೆ. ವಿಡಿಯೊದಲ್ಲಿ ಬಾಡಿಗೆ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ಸೂಜಿಯನ್ನು ತಲೆಕೆಳಗಾಗಿ ಹಿಡಿದು ನಗುತ್ತಾಳೆ. ಇಷ್ಟೆಲ್ಲ ಮಾಡಿದರೂ ಅವನೇ ಯಾಕೆ ಮುಂದೆ ಎಂದು ನಿನ್ನನ್ನು ಕೇಳಿದೆ. ಅದಕ್ಕೆ ಜುಲೈನ ಪತ್ರದಲ್ಲಿ ನಿನ್ನ ಉತ್ತರ ಇತ್ತು: "ನಿನ್ನ ಇಡೀ ಬ್ಲಾಗು ಜಾಲಾಡ್ದೆ. ಮೂರು ವರ್ಷದಿಂದ ಆಕೆ ಬಗ್ಗೆನೇ ಬರೀತಿದ್ದೀಯ. ಆಕೆ ಹೆಸರು ಒಂದು ಕಡೆನೂ ಇಲ್ವಲ್ಲೆ. ಹೆಸರೇ ಇಲ್ದಿರೋ ಕಡೆ ಹೆಸರು ಹುಡುಕ್ದೋರು ಹೆಂಗೆ ಬರ್ತಾರೆ?"

ಪತ್ರ ಹಿಡಿದು ಕುರಿದೊಡ್ಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನಗೆ ಹೊಳೆದೇ ಇರಲಿಲ್ಲ, ಉಪೆಲ್. "ನಮ್ಮ ಹಿರಿಯರು", "ಮನೆಯ ದೊಡ್ಡವರು", "ನಮ್ಮ ತಾಯಿ" ಎಂದೇ ಮೂರು ವರ್ಷ ಬರೆದಿದ್ದೆ. ನೀನು ಪೇಟೆಯ ಸೊಸೆ, ನಿಮ್ಮಲ್ಲಿ ಇದೆಲ್ಲ ಸಡಿಲ. ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಎತ್ತುವಂತಿಲ್ಲ, ಅತ್ತೆಯನ್ನು ಕರೆದರೂ "ಅಪಾ" ಎಂದಷ್ಟೇ. ಆಸ್ಪತ್ರೆಯಲ್ಲಿ ನರ್ಸು ರೋಗಿಯ ಹೆಸರು ಕೇಳಿದರೆ ನಾನು ಚೀಟಿ ಮುಂದೆ ತಳ್ಳಿ ಗೋಡೆ ನೋಡುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ನಾಲಿಗೆಯಿಂದ ಆ ರೂಢಿ ಬೆರಳಿಗೂ ಇಳಿದಿತ್ತು. ಯಾರೋ ಪರಸ್ಥ ಗಂಡಸು ಆ ಹೆಸರನ್ನು ಕಾಲೊರೆಸುವ ಚಾಪೆಗೆ ಅಚ್ಚು ಹಾಕಿಸಬಹುದು, ಆಕೆಯ ಮೈ ತೊಳೆದ ಸೊಸೆ ಉಸಿರೆತ್ತಬಾರದು. ಇದು ಯಾವ ಸೀಮೆಯ ಮರ್ಯಾದೆ?

ವಿಡಿಯೊ ಮಾಡುತ್ತೇನೆಂದು ಅವತ್ತೇ ತೀರ್ಮಾನಿಸಿದೆ. ಹಳೆಯ ವಿಡಿಯೊ ನಿನಗೆ ನೆನಪಿರಬೇಕು, ನಲವತ್ತೊಂದು ನಿಮಿಷ, ಮಾತಿಲ್ಲ ಕತೆಯಿಲ್ಲ, ನಡುನಡುವೆ ಕುರಿ ಕೂಗುವುದು ಮಾತ್ರ. "ಮೊದಲ ಹತ್ತು ಸೆಕೆಂಡಲ್ಲಿ ಯಾರು, ಏನು ಅಂತ ಹೇಳಿಬಿಡು, ನಿಮ್ಮನೆ ಗೋಡೆ ನೋಡ್ಕೊಂಡು ಯಾರೂ ಕೂರಲ್ಲ" ಎಂದಿದ್ದೆ. ಆ ಹತ್ತು ಸೆಕೆಂಡಿಗೆ ನಾಲ್ಕು ದಿನ ಹಿಡಿಯಿತು. ಆರನೆಯ ಸಲ ಧೈರ್ಯ ಮಾಡಿ ಶುರು ಮಾಡಿದರೆ ಬಾಯಿಂದ ಬಂದದ್ದು ಮತ್ತೆ "ನಮ್ಮ ಹಿರಿಯರು". ಕೊನೆಗೆ ದೊಡ್ಡಿಗೆ ಹೋಗಿ ಕುರಿಗಳ ಮುಂದೆ ನಿಂತು ಹೆಸರು ಹೇಳಿ ಹೇಳಿ ಅಭ್ಯಾಸ ಮಾಡಿದೆ. ಯಾವ ಕುರಿಯೂ ಬಿದ್ದು ಸಾಯಲಿಲ್ಲ.

ನಮ್ಮವರೇ ಫೋನು ಹಿಡಿದರು. ಕೆಂಪು, ಕಪ್ಪು ಕಂಬಳಿ ಒಂದರ ಮೇಲೊಂದು ಹಾಸಿ, ಚಾಕು ಊರಿ, ನೇರ ನೋಡಿ ಹೇಳಿದೆ: "ಇದು ಅಸಿಲ್ಕಾನ್ ಅವರ ಚಿತ್ತಾರ. ಜುಮಾಬೆಕ್ ಅವರ ಮಗಳು ಅಸಿಲ್ಕಾನ್. ನಾನು ಅವರ ಸೊಸೆ. ಅವರು ಕಲಿಸಿದ ಹಾಗೇ ಕತ್ತರಿಸ್ತಾ ಇದೀನಿ." ಆರೂವರೆ ನಿಮಿಷದ ವಿಡಿಯೊ. ತಲೆಬರಹದಲ್ಲಿ ಹೆಸರು, ಕೆಳಗೆ ಬರೆದ ವಿವರದಲ್ಲಿ ಹೆಸರು, ಫೋಟೊಗಳಿಗೆಲ್ಲ ಅದೇ ಹೆಸರು. ಐದನೆಯ ವಾರಕ್ಕೆ ನನ್ನ ಪುಟ ಮೇಲೆ, ಬಾಡಿಗೆ ಟೋಪಿ ಕೆಳಗೆ.

ಇನ್ನು ಮನೆಯ ಸುದ್ದಿ. ನಮ್ಮವರ ಅಣ್ಣ, ಎತ್ತರದ ಭಾವ, ಸೆಪ್ಟೆಂಬರ್‌ನಲ್ಲಿ ಬಂದರು. ಅವರ ಹೆಸರೂ ನಾನು ಹೇಳುವಂತಿರಲಿಲ್ಲ, ಈಗ ನಾಲಿಗೆ ಬಿಚ್ಚಿದೆ, ಬರೆಯಬಹುದು. ಆದರೆ ಬರೆಯುವುದಿಲ್ಲ. ಆ ಗೌರವ ಅವರಿಗೆ ಇನ್ನೂ ದಕ್ಕಿಲ್ಲ. ಟೋಪಿ ತೆಗೆಯದೆ ಕುಳಿತರು. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಏನಮ್ಮ, ಅವ್ವನ ಹೆಸರನ್ನ ಊರೂರಿಗೆ ಸಾರ್ತಿದ್ದೀಯಂತೆ?"

"ಸಾರಿಲ್ಲ ಭಾವ. ಹುಡುಕ್ದೋರಿಗೆ ಸಿಗೋ ಹಾಗೆ ಇಟ್ಟಿದೀನಿ."

"ಸೊಸೆ ಬಾಯಲ್ಲಿ ಅತ್ತೆ ಹೆಸರು. ಪಟ್ಟಾಂಗಕ್ಕೆ ಕೂತ್ರೆ ನನ್ನ ಮುಖ ನೋಡಿ ನಗ್ತಾರೆ."

"ಆ ವ್ಯಾಪಾರಿ ಚಾಪೆ ಮೇಲೆ ಹೆಸರು ಹಾಕ್ದಾಗ ಯಾರೂ ನಗ್ಲಿಲ್ವಾ?"

"ಅವನು ಪರಕೀಯ. ನೀನು ಮನೆಯವಳು."

"ಅದಕ್ಕೇ ಹೇಳ್ದೆ, ಭಾವ. ಮನೆಯವಳು ಅಂತಲೇ."

ಅವರು ನಮ್ಮವರ ಕಡೆ ತಿರುಗಿ, "ನಿನ್ನ ಹೆಂಡ್ತಿಗೆ ಹೇಳೋನು ಯಾರೂ ಇಲ್ವಾ ಈ ಮನೇಲಿ?" ಎಂದರು. ನಮ್ಮವರು ಲೋಟದೊಳಗೆ ನೋಡುತ್ತಾ, "ಫೋನು ಹಿಡ್ದಿದ್ದು ನಾನೇ ಅಣ್ಣ," ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಆ ಮನುಷ್ಯ ನನ್ನ ಪರವಾಗಿ ಆಡಿದ ಮೊದಲ ಮಾತು. ಅದನ್ನು ಕೇಳುವುದಕ್ಕಾದರೂ ವಿಡಿಯೊ ಮಾಡಬೇಕಿತ್ತು. ಭಾವ ಏಳುವಾಗ ಹೇಳಿದರು, ಅತ್ತೆ ಹೋಗಿ ವರ್ಷ ತುಂಬಿದ್ದಕ್ಕೆ ಹಾಕುವ ಆಶ್ ಊಟದೊಳಗೆ ಅದನ್ನು ತೆಗೆಯದಿದ್ದರೆ ಅವತ್ತು ನಾನು ಸೊಸೆಯಂದಿರ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಅತಿಥಿಗಳಿಗೆ ಚಹಾ ಬಗ್ಗಿಸಬೇಕಾಗಿಲ್ಲ ಎಂದು. ಅತ್ತೆಯ ಆಶ್‌ನಲ್ಲಿ ನನ್ನನ್ನು ಬಿಟ್ಟು ಬೇರೆಯವರು ಚಹಾ ಬಗ್ಗಿಸುವುದು ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವತ್ತು ತುಂಬ ಅತ್ತುಬಿಟ್ಟೆ. ವಿಡಿಯೊ ಮಾತ್ರ ತೆಗೆಯಲಿಲ್ಲ.

ಆಶ್ ಹೋದ ಶನಿವಾರ ನಡೆಯಿತು. ಕುದುರೆ ಕೊಯ್ದರು, ಅಂಗಳದಲ್ಲಿ ಎರಡು ಬಿಳಿ ಗುಡಾರ ಎತ್ತಿದರು. ಹೇಳಿದ ಮಾತಿನಂತೆ ಭಾವ ನನ್ನನ್ನು ಹಿತ್ತಲಿಗೆ ಕಳಿಸಿದರು. ಸಮೋವರ್ ಹಂಡೆಗೆ ಕಟ್ಟಿಗೆ ಹಾಕುವ ಕೆಲಸ. ಹಾಕಿದೆ. ಅತ್ತೆಯ ಚಹಾಕ್ಕೆ ನೀರು ಕಾಯಿಸಿದವಳು ನಾನೇ ತಾನೆ, ಬಗ್ಗಿಸುವವರು ಯಾರಾದರೇನು ಎಂದು ಹಲ್ಲು ಕಚ್ಚಿ ಹೊಗೆ ಕುಡಿದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಕಾರು ಬಂತು. ತಲಾಸ್ ಕಡೆಯದು. ಇಳಿದವರು ಎಂಬತ್ತು ದಾಟಿದ ಅಜ್ಜಿ, ಎರಡು ದಿನದ ದಾರಿ, ಪಕ್ಕದಲ್ಲಿ ಕಾರು ಓಡಿಸಿಕೊಂಡು ಬಂದ ಮೊಮ್ಮಗಳು. ಅಜ್ಜಿ ಕೋಲೂರಿ ಅಂಗಳದ ನಡುವೆ ನಿಂತು, ಅಷ್ಟೂ ಗಂಡಸರ ಮುಂದೆ ಬಾಯಿಬಿಟ್ಟು ಕೂಗಿದರು:

"ಅಸಿಲ್ಕಾನ್, ಏಯ್ ಅಸಿಲ್ಕಾನ್, ಜಿಪಾರ್ ಬಂದೀನಿ ಕಣೇ. ತಡ ಆಯ್ತು. ಬೈಬೇಡ."

ಹಿತ್ತಲಲ್ಲಿ ನನ್ನ ಕೈಯಿಂದ ಕಟ್ಟಿಗೆ ಜಾರಿತು. ಆ ಅಂಗಳದಲ್ಲಿ ಆ ಹೆಸರನ್ನು ಹಾಗೆ, ಜೊತೆಗಾತಿಯನ್ನು ಆಟಕ್ಕೆ ಕರೆದ ಹಾಗೆ, ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಇಬ್ಬರೂ ಒಂದೇ ಬೆಟ್ಟದ ಹುಲ್ಲುಗಾವಲಿನಲ್ಲಿ ಬೆಳೆದವರು. ಮದುವೆಯಾಗಿ ಒಬ್ಬಳು ಇತ್ತ, ಒಬ್ಬಳು ಅತ್ತ. ಅರವತ್ತು ವರ್ಷ ಒಬ್ಬರ ಸುದ್ದಿ ಒಬ್ಬರಿಗಿಲ್ಲ.

ಭಾವ ಓಡಿಹೋಗಿ ಅಜ್ಜಿಯ ತೋಳು ಹಿಡಿದರು. "ಮನೆ ಹೆಂಗೆ ಗೊತ್ತಾಯ್ತು, ಅಪಾ?" ಎಂದು ಕೇಳಿದರು.

"ಹೆಸರು ಹಾಕಿ ಹುಡುಕ್ದ್ಲು ನನ್ನ ಮೊಮ್ಮಗಳು. ಚಾಕು ಹಿಡ್ಕೊಂಡು ಒಂದು ಹುಡುಗಿ ಹೇಳ್ತಾಳಲ್ಲ, ಜುಮಾಬೆಕ್ ಮಗಳು ಅಂತ. ಎಲ್ಲಿ ಅವಳು? ಅವಳ ಕೈಯಿಂದ್ಲೇ ನಂಗೆ ಚಹಾ ಬೇಕು."

ನಲವತ್ತೆಂಟರ ಹುಡುಗಿ ಮುಖದ ಮಸಿ ಒರೆಸಿಕೊಂಡು ಗುಡಾರದೊಳಗೆ ಹೋದಳು, ಉಪೆಲ್. ಸೊಸೆಯಂದಿರ ಸಾಲು ತಾನಾಗಿ ಜಾಗ ಬಿಟ್ಟಿತು. ಅಲ್ಲಿಂದ ಸಂಜೆಯವರೆಗೆ ಚಹಾ ಬಗ್ಗಿಸಿದವಳು ನಾನೇ.

ಇದರಿಂದ ಭಾವ ಕರಗಿದರು ಎಂದುಕೊಂಡರೆ ನೀನು ಅವರನ್ನು ಕಂಡಿಲ್ಲ ಎಂದರ್ಥ. ನೆಂಟರೆಲ್ಲ ಹೊರಟ ಮೇಲೆ ಬಾಗಿಲಲ್ಲಿ ನಿಂತು ಹೇಳಿದರು:

"ಬರೋರು ಬಂದಾಯ್ತು. ಇನ್ನಾದ್ರೂ ತೆಗಿ ಅದನ್ನ."

"ತೆಗೆಯಲ್ಲ ಭಾವ. ಇನ್ನೂ ಯಾರಾದ್ರೂ ಹುಡುಕ್ತಿರಬಹುದು."

"ಅವ್ವ ಬದುಕಿದ್ದಿದ್ರೆ ನಾಚಿಕೆಯಿಂದ ತಲೆ ಎತ್ತುತ್ತಿರಲಿಲ್ಲ."

"ಆ ಮಧ್ಯಾಹ್ನ ನೀವೂ ಒಲೆ ಹತ್ರ ನಿಂತಿದ್ರಿ. ಅವರಿಗೆ ನಾಚಿಕೆ ಇತ್ತಾ ಇಲ್ವಾ, ನಿಮಗೆ ಗೊತ್ತು."

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೋದರು. ಯಾವ ಮಧ್ಯಾಹ್ನ ಎಂದು ನೀನು ಕೇಳುತ್ತೀಯ. ಹೇಳುತ್ತೇನೆ, ಸ್ವಲ್ಪ ತಾಳು, ಈಗ ಕೈ ಬರುತ್ತಿಲ್ಲ.

ಅದಿರಲಿ. ಮುಂದಿನ ವಿಡಿಯೊದಲ್ಲಿ ಉಣ್ಣೆ ಬಡಿಯುವುದನ್ನು ತೋರಿಸುತ್ತೇನೆ. ಗಾಳಿಯ ಸದ್ದು ಮಾತನ್ನು ನುಂಗುತ್ತದೆ, ಏನು ಮಾಡಲಿ ಬರೆ. ಜಿಪಾರ್ ಅಜ್ಜಿ ಇನ್ನೂ ಒಂದು ವಾರ ನಮ್ಮಲ್ಲೇ ಇರುತ್ತಾರೆ. ಅತ್ತೆಯ ಹಳೆಯ ಶಿರ್ದಾಕ್ ಮೇಲೆ ಕುಳಿತು ಅದರ ಹೊಲಿಗೆ ಸವರುತ್ತಾ, "ಇಲ್ಲಿ ದಾರ ಬಿಗಿ ಮಾಡಿದ್ದಾಳೆ ನೋಡು, ಅವತ್ತು ಯಾರ ಮೇಲೋ ಸಿಟ್ಟಿತ್ತು ಅವಳಿಗೆ" ಎನ್ನುತ್ತಾರೆ. ಅದನ್ನೂ ಬ್ಲಾಗಿನಲ್ಲಿ ಬರೆಯುತ್ತೇನೆ, ಹೆಸರು ಹಾಕಿಯೇ.

ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಮಕ್ಕಳ ದಾರಿ ಬೆಳಗಲಿ. ನಿನ್ನ ಮೊಣಕಾಲಿಗೆ ಕುರಿಯ ಕೊಬ್ಬು ಬಿಸಿಮಾಡಿ ಹಚ್ಚು, ನಾಚಿಕೆ ಬೇಡ.

ನಿನ್ನ
ಕೆಂಜೆಗುಲ್

ಮರೆತ ಮಾತು: ಮರೆತದ್ದೇನಲ್ಲ. ಜಿಪಾರ್ ಅಜ್ಜಿಯ ಮೊಮ್ಮಗಳು ಸಮೋವರ್ ಪಕ್ಕ ನನಗೆ ಹೇಳಿದಳು. ಅಜ್ಜಿಗಾಗಿ ಅವಳು ಆ ಹೆಸರನ್ನು ಮೊದಲು ಹುಡುಕಿದ್ದು ಎರಡು ವರ್ಷದ ಹಿಂದೆ. ಆಗ ಸಿಕ್ಕಿದ್ದು ವ್ಯಾಪಾರಿಯ ಪುಟ ಒಂದೇ. ಫೋನು ಮಾಡಿ ಕೇಳಿದರೆ, "ಅದು ಚಾಪೆ ಮಾದರಿ ಹೆಸರು, ಅಂಥ ಹೆಂಗಸು ಯಾರೂ ಇಲ್ಲ" ಎಂದರಂತೆ. ಎರಡು ವರ್ಷದ ಹಿಂದೆ ಅತ್ತೆ ಇದ್ದರು, ಉಪೆಲ್. ಅಂಗಳದಲ್ಲಿ ಕುಳಿತು ಚಿತ್ತಾರ ಬಿಡಿಸುತ್ತಿದ್ದರು. ನಾನು ಆಗಲೇ ಬ್ಲಾಗು ಬರೆಯುತ್ತಿದ್ದೆ. ಹೆಸರು ಬರೆದಿದ್ದರೆ ಸಾಕಿತ್ತು.

ಆ ಮಧ್ಯಾಹ್ನ, ಕಣ್ಣು ಮುಚ್ಚುವುದಕ್ಕೆ ಮೂರು ದಿನ ಮುಂಚೆ, ಅತ್ತೆ ನನ್ನ ಕೈ ಹಿಡಿದು ಹೇಳಿದ್ದರು: "ನನ್ನ ಹೆಸರು ಹಿಡ್ದು ಕರೆಯೋರು ಒಬ್ರೂ ಉಳೀಲಿಲ್ಲ ಕಣಮ್ಮ. ಒಂದ್ಸಲ ನೀನು ಕರಿ. ಕೇಳಬೇಕು ಅನ್ಸಿದೆ." ನಾನು ಭಾವನ ಮುಖ ನೋಡಿದೆ. ಅವರು ಒಲೆ ಪಕ್ಕ ನಿಂತು ನೆಲ ನೋಡುತ್ತಿದ್ದರು.

ನಾನು, "ಅಪಾ, ಚಹಾ ತರ್ಲಾ?" ಎಂದೆ.

"ತಾ," ಎಂದರು.