ಐದು ಬಾಟಲಿ ನೀರು

ಕಿರುಗಟ್ಟೆ, ಸೊರಬ ತಾಲ್ಲೂಕು
9 ಫೆಬ್ರವರಿ 2025

ಪ್ರೀತಿಯ ನಯನಾ,

ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕೆಮ್ಮು ಬಿಟ್ಟಿತೇ? ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ, ಕೇಳಿದರೆ ಇಲ್ಲ ಅನ್ನುತ್ತಾಳೆ. ಫೋನಿನಲ್ಲೇ ಹೇಳೋಣವೆಂದು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ "ಅಪ್ಪಾ, ಮೀಟಿಂಗಲ್ಲಿದೀನಿ" ಅಂದೆ. ಅದಕ್ಕೇ ಕಾಗದ.

ಮಂಗಳವಾರ ನಾನೂ ಟೇಲರ್ ಇಮಾಂಬಿಯೂ ಸೊರಬದ ತಾಲ್ಲೂಕು ಪಂಚಾಯ್ತಿ ಆಫೀಸಿಗೆ ಹೋಗಿದ್ದೆವು. ನಿನ್ನ ಶಾಲೆಯ ಲಂಗ ಹೊಲಿದುಕೊಟ್ಟವಳು ಅವಳೇ, ಮರೆತಿಲ್ಲ ತಾನೆ. ಅವಳ ಮೊಮ್ಮಗಳು ಸಫೂರಾಗೆ ಎಂಟು ವರ್ಷ. ಹಲ್ಲಿನ ಮೇಲೆಲ್ಲ ಕಂದು ಗೆರೆ, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ ಮಗು. ಇದು ಬೋರ್ ನೀರಿನ ದೋಷ, ಹೀಗೇ ಕುಡಿದರೆ ಮುಂದೆ ಮೂಳೆಗೂ ಬರುತ್ತದೆ ಎಂದು ಶಿಕಾರಿಪುರದ ಹಲ್ಲಿನ ಡಾಕ್ಟರು ಹೇಳಿದ್ದಾರೆ. ಶುದ್ಧ ನೀರಿನ ಘಟಕದ ಪಟ್ಟಿಯಲ್ಲಿ ನಮ್ಮೂರು ಮೂರನೆಯದಾಗಿತ್ತು. ಈಗ ಪಟ್ಟಿಯಲ್ಲೇ ಇಲ್ಲ. ಏಕೆಂದು ಕೇಳಿದರೆ ಗುಮಾಸ್ತ ಒಂದು ವರದಿ ತೆಗೆದು ತೋರಿಸಿದ. ಕಿರುಗಟ್ಟೆಯ ಐದೂ ಬೋರಿನ ನೀರು ಕುಡಿಯಲು ಯೋಗ್ಯ ಎಂದು ನಿಮ್ಮ ವಿಶ್ವವಿದ್ಯಾಲಯದ ವರದಿ. "ನಿಮ್ ಮಗಳೇ ಸೈನ್ ಮಾಡಿದಾರಲ್ರೀ ಲೋಕಪ್ಪನೋರೆ, ಇನ್ಯಾರ ಸರ್ಟಿಫಿಕೇಟ್ ಬೇಕು ನಿಮಗೆ?" ಅಂದ. ಇಮಾಂಬಿ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ನಲವತ್ತು ವರ್ಷ ಪೇಪರ್ ಹಂಚಿದವನು ನಾನು, ಎಲ್ಲದರ ಕಟಿಂಗ್ ಇಟ್ಟಿದ್ದೇನೆ. ಹೋದ ಆಗಸ್ಟ್ 17ರಂದು ನಿಮ್ಮ ತಂಡ ಬಂತು. ನಮ್ಮೂರನ್ನು ದತ್ತು ತಗೊಂಡಿದ್ದೀರಿ ಎಂಬ ಬ್ಯಾನರ್ ಹಿಡಿದ ಹತ್ತು ಜನರ ಫೋಟೊ ಪೇಪರಿನಲ್ಲಿ ಬಂತು, ನಾಲ್ವರಿಗೆ ಶಾಲು. ಆ ಫೋಟೊದಲ್ಲಿ ಬೋರ್ ಇಲ್ಲ, ಯಾಕೆಂದರೆ ನಿಮ್ಮಲ್ಲಿ ಒಬ್ಬರೂ ಬೋರಿನ ಹತ್ತಿರ ಹೋಗಲಿಲ್ಲ. ಶಾಲೆಯ ಜಗಲಿಯಲ್ಲಿ ಐದು ಬಾಟಲಿ ಇಟ್ಟು, "ತುಂಬಿಸಿಡಿ, ಊಟ ಆದ್ಮೇಲೆ ಒಯ್ತೀವಿ" ಅಂದಿರಿ. ಊಟಕ್ಕೆ ನೀವು ಕುಡಿದದ್ದು ಪುಟ್ಟಪ್ಪನ ತೋಟದ ಸಿಹಿಬಾವಿಯ ನೀರು. ಮಾರ್ಚ್ ಹೊತ್ತಿಗೆ ಬತ್ತುವ ಬಾವಿ ಅದು. ನೆಂಟರು ಬಂದಾಗ ಮಾತ್ರ ಮುಕ್ಕಾಲು ಮೈಲಿ ನಡೆದು ಅಲ್ಲಿಂದ ತರುತ್ತೇವೆ. ಉಳಿದ ದಿನ ಬೋರ್. ಇದು ನಿನ್ನ ಜೊತೆ ಬಂದವರಿಗೆ ಗೊತ್ತಿಲ್ಲದಿರಬಹುದು. ಈ ಊರಲ್ಲಿ ಹುಟ್ಟಿದ ನಿನಗೆ ಗೊತ್ತಿತ್ತು.

ದತ್ತು ತಗೊಂಡ ಮೇಲೆ ಒಂದು ಸಲ ಬಂದಿರಿ, ಮೂರು ಗಂಟೆ ಇದ್ದಿರಿ. ವರದಿಯ ಒಂದು ಪ್ರತಿಯನ್ನೂ ಊರಿಗೆ ಕಳಿಸಲಿಲ್ಲ. ಮಗಳು ಓದಿ ದೊಡ್ಡವಳಾದಳೆಂದು ಹೇಳಿಕೊಂಡು ತಿರುಗಿದವನು ನಾನು. ಈಗ ಇಮಾಂಬಿಯ ಮನೆ ಮುಂದೆ ಹಾಯುವಾಗ ತಲೆ ತಗ್ಗಿಸುತ್ತೇನೆ. ನೀನು ನೋಡದ್ದನ್ನು ನೋಡಿದೆ ಎಂದು ಬರೆದು ಸಹಿ ಹಾಕಿದ್ದೀಯ. ಪೇಪರಿನಲ್ಲಿ ತಪ್ಪು ಸುದ್ದಿ ಬಂದರೆ ಮರುದಿನ ತಿದ್ದುಪಡಿ ಹಾಕುತ್ತಾರೆ. ನಿಮ್ಮಲ್ಲಿ ಆ ಕ್ರಮ ಇದೆಯೋ ಇಲ್ಲವೋ ತಿಳಿಯದು.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಸಿಟ್ಟಿದ್ದರೂ ಆಶೀರ್ವಾದಕ್ಕೇನೂ ಕಡಿಮೆಯಿಲ್ಲ.

ನಿನ್ನ ಅಪ್ಪ,
ಲೋಕಪ್ಪ

ಮರೆತಿದ್ದೆ: ಗುಮಾಸ್ತನಿಂದ ಜೆರಾಕ್ಸ್ ಮಾಡಿಸಿಕೊಂಡು ತಂದಿದ್ದ ವರದಿಯನ್ನು ನಿನ್ನೆ ನಿನ್ನ ಅಮ್ಮನಿಗೆ ಓದಿ ಹೇಳಿದೆ. ನೀರು ಚೆನ್ನಾಗಿದೆ ಎಂದದ್ದಕ್ಕೆ ಅವಳಿಗೆ ಹಿಗ್ಗು. "ಬರ್ದೇ ಇರ್ತಾರಾ? ಐದೂ ಬಾಟ್ಲಿ ನಾನೇ ಪುಟ್ಟಪ್ಪನ ಬಾವೀಲಿ ತುಂಬಿಸ್ಕೊಂಡ್ ಬಂದಿದ್ದು. ಮಗಳ ಜೊತೆ ಬಂದೋರಿಗೆ ಬೋರಿನ ನೀರು ಕೊಟ್ಟು ಅವಳ ಮಾನ ಕಳೀಲಾ?" ಅಂದಳು. ಆ ಮಂಡಿ ಇಟ್ಟುಕೊಂಡು ಎರಡು ಸಲ ನಡೆದಿದ್ದಾಳೆ, ಊಟದ ನೀರಿಗೊಮ್ಮೆ, ಬಾಟಲಿಗೊಮ್ಮೆ. ಅದರಿಂದ ಏನಾಯಿತೆಂದು ನಾನು ಅವಳಿಗೆ ಹೇಳಿಲ್ಲ, ನೀನೂ ಹೇಳಬೇಡ. ಖಾಲಿ ಬಾಟಲಿ ತಗೊಂಡು ಬಾ, ಐದು ಬೋರಿಗೂ ನೀನೇ ನಡೆದು ಹೋಗಿ ತುಂಬಿಸು. ಬರುವ ದಿನವನ್ನು ಮಾತ್ರ ಮೊದಲೇ ತಿಳಿಸಬೇಡ. ತಿಳಿಸಿದರೆ ಅವಳು ಬೆಳಿಗ್ಗೆಯೇ ಕೊಡ ತಗೊಂಡು ಬಾವಿಗೆ ಹೊರಡುತ್ತಾಳೆ.