ಮುಳ್ಳುಹಂದಿಗೆ ಏಳರ ಮಗ್ಗಿ ಹೇಳಲು ಬಿಡಿ

ಮಕ್ಕಳ ವಾಹಿನಿಯ ಕಾರ್ಯಕ್ರಮ ನಿರ್ದೇಶಕರೇ,

ನಮ್ಮ ಮುಳ್ಳುಹಂದಿಯನ್ನು ಆರರ ಮಗ್ಗಿಗೇ ಏಕೆ ನಿಲ್ಲಿಸಿದಿರಿ? ಪ್ರತಿ ಗುರುವಾರ ಸಂಜೆ ಮುಳ್ಳಿಗೆ ಸೇಬು ಚುಚ್ಚಿಕೊಂಡು ಬಂದು, ಸಾಲಾಗಿ ಜೋಡಿಸಿ ಮಗ್ಗಿ ಹೇಳಿಕೊಡುತ್ತಿದ್ದ ಕಾರ್ಟೂನು ಆರೇ ವಾರಕ್ಕೆ ಮಾಯ! ಏಳನೇ ಗುರುವಾರ ಟೀವಿ ಹಚ್ಚಿದರೆ, ಟೈ ಕಟ್ಟಿದವನೊಬ್ಬ ದ್ರಾಕ್ಷಿಗೆ ಔಷಧಿ ಹೊಡೆಯುವ ಬಗೆ ವಿವರಿಸುತ್ತಿದ್ದ.

ನಾನು ಶಾಲೆಯಲ್ಲಿ ಆರರ ಮಗ್ಗಿ ಮುಗಿಸಿದ ವಾರವೇ ಅಮ್ಮ ಹಾಸಿಗೆ ಹಿಡಿದಳು. ಮನೆಯ ಮೇಕೆಗಳು ನನ್ನ ಪಾಲಿಗೆ ಬಂದವು, ಶಾಲೆ ಅಲ್ಲಿಗೇ ಮುಗಿಯಿತು. ಆಮೇಲೆ ವರ್ಷಾನುಗಟ್ಟಲೆ ಮಡಕೆ ಭಟ್ಟಿಯಲ್ಲಿ ಬಟ್ಟಲುಗಳನ್ನು ಬೆರಳು ಮಡಚಿಯೇ ಎಣಿಸಿದೆ. ಕಲಿತ ಆರೂ ಮರೆತುಹೋಗಿದ್ದವು, ಮುಳ್ಳುಹಂದಿ ತಂದುಕೊಟ್ಟಿತು. ಇನ್ನೇನು ಏಳು ಬರಬೇಕು, ಆಗಲೇ ನೀವು ಬಾಗಿಲು ಹಾಕಿದಿರಿ. ಪುಸ್ತಕ ನೋಡಿ ಕಲಿಯಿರಿ ಎನ್ನಬೇಡಿ. ತಾನೇ ತಪ್ಪು ಹೇಳಿದಾಗ ಮುಳ್ಳುಹಂದಿ ಸೇಬಿನ ಮೇಲೆ ಕಾಲಿಟ್ಟು ಜಾರಿಬೀಳುತ್ತಿತ್ತು. ಪುಸ್ತಕ ಬೀಳುತ್ತದೆಯೇ?

ಕೇಳಿ ಬರೆದದ್ದಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂತು: ‘ಸಮೀಕ್ಷೆಯಲ್ಲಿ ನಿಮ್ಮ ಊರಿನವರೆಲ್ಲರೂ ನೋಡುವುದಿಲ್ಲವೆಂದು ತಲೆಯಾಡಿಸಿದ್ದಾರೆ.’ ಆಹಾ! ಆ ಸಮೀಕ್ಷೆಯ ಕಥೆ ನಾನು ಹೇಳುತ್ತೇನೆ, ಕೇಳಿ.

ಅಂಗಡಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದೆವು. ನೀವು ಕಳಿಸಿದ ಹೊರದೇಶದ ಹುಡುಗಿ ಮುಳ್ಳುಹಂದಿಯ ಚಿತ್ರ ಹಿಡಿದು ಬಂದಳು. ನಮ್ಮ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ಒಂದೇ ಮಾತು: “ನೋಡ್ತೀರಾ?” ಬಾಯಿಬಿಟ್ಟು ಹೇಳೋಣವೆಂದರೆ ಎಲ್ಲರ ಬಾಯಲ್ಲೂ ಪಕ್ಕದ ಮನೆ ತ್ಸೇನಾ ಮಾಡಿದ ಚೀಸಿನ ಬಾನಿತ್ಸಾ. ಹೌದೆಂದು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದೆವು, ನಮ್ಮ ಅಜ್ಜಂದಿರು ಆಡಿಸಿದ ಹಾಗೆಯೇ. ಹುಡುಗಿಯ ಮುಖ ಸಣ್ಣದಾಯಿತು.

“ಪಾಪ, ನಂಬ್ತಾ ಇಲ್ಲ ಕಣ್ರೇ. ಇನ್ನೂ ಜೋರಾಗಿ ಆಡ್ಸಿ!” ಎಂದಳು ತ್ಸೇನಾ, ತುತ್ತು ನುಂಗಿ.

ಆಡಿಸಿದೆವು. ಹಳೇ ಬಸ್ ಡ್ರೈವರ್ ಗೆಂಚೋನ ಟೋಪಿ ಹಾರಿ ಚರಂಡಿಗೆ ಬಿತ್ತು. ಹುಡುಗಿ ಏನೋ ಬರೆದುಕೊಂಡಳು. ಅವಳಿಗೂ ತ್ಸೇನಾ ತಟ್ಟೆ ಚಾಚಿದರೆ, ಅವಳು ನಗುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸಬೇಕೇ! ಬೇಡವೆಂದರೆ ಬೇಡ ಎಂದು ತ್ಸೇನಾ ತಟ್ಟೆ ಹಿಂದಕ್ಕೆ ಎಳೆದುಕೊಂಡಳು.

“ನೇದಕ್ಕ, ಈ ಮಗು ಕಣ್ಣು ಬಾನಿತ್ಸಾ ಮೇಲೇ ಇದೆ, ತಲೆ ಮಾತ್ರ ಬೇಡ ಅಂತಿದೆ. ಏನು ಬಿಗುಮಾನ!” ಎಂದ ಗೆಂಚೋ, ನನ್ನ ಕಡೆ ತಿರುಗಿ.

ಸರಿ, ಅವಳು ಪರದೇಶದವಳು. ಹಸಿದು ಹೋದಳು, ಪಾಪ. ಆದರೆ ಸ್ವಾಮೀ, ನೀವು? ನೀವೂ ಈ ನೆಲದ ನೀರು ಕುಡಿದವರೇ ತಾನೇ? ಆ ವರದಿ ಓದಿ, ‘ಒಪ್ಪಿಗೆಯೇ ಸರ್?’ ಎಂದು ಗುಮಾಸ್ತ ಕೇಳಿದಾಗ ನಿಮ್ಮ ತಲೆ ಯಾವ ಕಡೆ ಆಡಿತು?

ಈಗ ಗೆಂಚೋ ದಿನಾ ಕೆಣಕುತ್ತಾನೆ: “ಏನು ನೇದಕ್ಕ, ಏಳೇಳು ಎಷ್ಟು?” ಅವನಿಗೂ ಗೊತ್ತಿಲ್ಲ, ಆ ಮಾತು ಬೇರೆ.

ನಾನು ಹೆಚ್ಚೇನೂ ಕೇಳುತ್ತಿಲ್ಲ. ಸಾಲನ್ನು ತಿರುಗಿಸಿಟ್ಟರೂ ಸೇಬು ಅಷ್ಟೇ ಎಂದು ಮುಳ್ಳುಹಂದಿಯೇ ಕಲಿಸಿತ್ತು. ನಾಲ್ಕೇಳು ಬಂದರೆ ಏಳ್ನಾಲ್ಕೂ ಬಂತು. ಹತ್ತರದು ಯಾರಿಗಾದರೂ ಬರುತ್ತದೆ. ಹಾಗಾಗಿ ನನಗೆ ಬಾರದೆ ಉಳಿದಿರುವುದು ಇಷ್ಟೇ: ಏಳೇಳು, ಏಳೆಂಟು, ಏಳೊಂಬತ್ತು, ಎಂಟೆಂಟು, ಎಂಟೊಂಬತ್ತು, ಒಂಬತ್ತೊಂಬತ್ತು. ಒಟ್ಟು ಆರು. ಆರರವರೆಗೆ ನನಗೆ ಚೆನ್ನಾಗಿ ಬರುತ್ತದೆ, ತಪ್ಪಿಲ್ಲ.

ಮೂರು ಗುರುವಾರ ಕೊಡಿ. ಆಗಬಹುದೆಂದರೆ ತಲೆಯಾಡಿಸಿ ಸಾಕು, ನಮಗೆ ತಿಳಿಯುತ್ತದೆ.

ಇಂತಿ,
ಎಪ್ಪತ್ತೆರಡು ವರ್ಷಗಳಿಂದ ಏಳೇಳರ ಹೊಸ್ತಿಲಲ್ಲೇ ನಿಂತಿರುವ
ನೇದಾ ಕೋಲೇವಾ
ಅಂಗಡಿ ಮುಂದಿನ ಬೆಂಚು, ತ್ರೋಯಾನ್, ಬಲ್ಗೇರಿಯಾ